ಮೊದಲು ಕಾಣುವ ಸರಕು

ಹುಬ್ಬಳ್ಳಿಯ ಜವಳಿ ಸಾಲಿನಲ್ಲಿ ಯಾವ ಥಾನನ್ನು ಮೊದಲು ಬಿಚ್ಚಬೇಕೆಂಬುದನ್ನು ಅಂಗಡಿಕಾರನು ಗಿರಾಕಿಯ ಮುಖ ನೋಡಿಯೇ ತೀರ್ಮಾನಿಸುತ್ತಾನೆ. ಅಂತರ್ಜಾಲದ ಅಂಗಡಿಯಲ್ಲಿ ಈ ಕೆಲಸ ಗಣಕಯಂತ್ರದ್ದು. ನಾವು 'ರಾಷ್ಟ್ರಧ್ವಜ' ಎಂದು ಬರೆದು ಹುಡುಕಿದೆವೆನ್ನಿ. ಯಂತ್ರವು ಆ ಶಬ್ದಕ್ಕೆ ಹೊಂದುವ ಸರಕುಗಳನ್ನು ಆಯ್ದು, ಬೆಲೆ, ಹಿಂದಿನ ಮಾರಾಟ, ಕೊಂಡವರ ಅಭಿಪ್ರಾಯ ಮುಂತಾದವಕ್ಕೆ ಅಂಕವಿತ್ತು, ಹೆಚ್ಚು ಅಂಕ ಬಂದುದನ್ನು ಮೇಲಿಡುತ್ತದೆ. ಉತ್ತರಪತ್ರಿಕೆ ತಿದ್ದುವ ನಮಗೆ ಇದೇನು ಹೊಸತಲ್ಲ. ಯಾವ ಪ್ರಶ್ನೆಗೆ ಎಷ್ಟು ಅಂಕವೆಂಬುದು ಬದಲಾದರೆ ಮೊದಲನೆಯ ಹುಡುಗನೂ ಬದಲಾಗುತ್ತಾನೆ.

ನಮ್ಮ ಬೆಂಗೇರಿಯಲ್ಲಿ ಕೈನೂಲಿನ ಖಾದಿಯಿಂದ ರಾಷ್ಟ್ರಧ್ವಜ ಸಿದ್ಧವಾಗುತ್ತದೆ. 2021ರ ಡಿಸೆಂಬರಿನಲ್ಲಿ ಧ್ವಜಸಂಹಿತೆ ತಿದ್ದುಪಡಿಯಾಗಿ, ಯಂತ್ರದಲ್ಲಿ ತಯಾರಾದ ಪಾಲಿಯೆಸ್ಟರ್ ಧ್ವಜಕ್ಕೂ ಅನುಮತಿ ದೊರೆಯಿತು. ಅಗ್ಗದ ಬೆಲೆಗೆ ಅಂಕ ಹೆಚ್ಚಿಸಿದರೆ ಪಾಲಿಯೆಸ್ಟರ್ ಮೇಲೇರುತ್ತದೆ. ಬಟ್ಟೆಯ ಗುಣಕ್ಕೆ ಹೆಚ್ಚಿಸಿದರೆ ಖಾದಿ. ಮೇಲೇರಿದ್ದು ಹೆಚ್ಚು ಮಾರಾಟವಾಗುತ್ತದೆ, ಆ ಮಾರಾಟದ ಅಂಕದಿಂದಲೇ ಮತ್ತೆ ಮೇಲೆ ಉಳಿಯುತ್ತದೆ. ಕೆಳಗಿನ ಪುಟ ತಿರುವುವ ತಾಳ್ಮೆ ಎಷ್ಟು ಜನಕ್ಕಿದೆ? ಹಣ ತೆತ್ತು ಮೇಲೆ ಕೂಡ್ರುವ ಜಾಹೀರಾತಿನ ಸರಕಂತೂ ಬೇರೆಯೇ.

ಈ ಶ್ರೇಣಿಯ ಮುಖ್ಯ ಮಾನದಂಡಗಳನ್ನೂ ಅವುಗಳಲ್ಲಿ ಯಾವುದಕ್ಕೆ ಎಷ್ಟು ಮಹತ್ವವೆಂಬುದನ್ನೂ ಇಂಥ ಮಾರುಕಟ್ಟೆಗಳು ಸರಳ ಭಾಷೆಯಲ್ಲಿ ಪ್ರಕಟಿಸಬೇಕೆಂದು ಕೇಂದ್ರ ಸರಕಾರದ 2020ರ ಗ್ರಾಹಕ ಸಂರಕ್ಷಣಾ ನಿಯಮಗಳು ವಿಧಿಸಿವೆ. ಆ ವಿವರಣೆಯನ್ನು ಒಮ್ಮೆ ಓದಿ ನೋಡಬೇಕು. ಹುಡುಕುವಾಗ 'ಖಾದಿ' ಎಂಬ ಶಬ್ದವನ್ನು ಸೇರಿಸಿದರೂ ಪಟ್ಟಿ ಬದಲಾಗುತ್ತದೆ.