ಲ್ಯೂಪಸ್ ರೋಗಿಗಳೂ ಮಿದುಳಿನ ಸೋಂಕೂ

ಶರೀರವು ಒಂದು ಕೋಟೆಯಾದರೆ ರಕ್ತದಲ್ಲಿಯ ಬಿಳಿಯ ಕಣಗಳು ಅದರ ಕಾವಲುಗಾರರು. ಈ ಕಾವಲುಗಾರರೇ ದಿಕ್ಕುತಪ್ಪಿ ಒಡೆಯನ ಮೇಲೆ ತಿರುಗಿಬಿದ್ದಾಗ ಉಂಟಾಗುವ ವ್ಯಾಧಿಗಳಲ್ಲಿ ಲ್ಯೂಪಸ್ ಒಂದು. ಕೀಲುನೋವು, ಕೆನ್ನೆಗಳ ಮೇಲೆ ಕೆಂಪು, ಮೂತ್ರಪಿಂಡಗಳ ಬಾವು ಇದರ ಮುಖ್ಯ ಲಕ್ಷಣಗಳು. 10 ರೋಗಿಗಳಲ್ಲಿ ಸುಮಾರು 9 ಮಂದಿ ಸ್ತ್ರೀಯರು. ಅವರಲ್ಲಿಯೂ ತರುಣಿಯರೇ ಹೆಚ್ಚು. ಇದು ಅಂಟುರೋಗವಲ್ಲ.

1948ರಲ್ಲಿ ಅಮೇರಿಕೆಯ ಫಿಲಿಪ್ ಹೆಂಚ್ ಎಂಬ ವೈದ್ಯರು ಕಾರ್ಟಿಸೋನನ್ನು ಸಂಧಿವಾತಕ್ಕೆ ಪ್ರಯೋಗಿಸಿದರು. 1950ರಲ್ಲಿ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು. ಆ ವರ್ಗದ ಸ್ಟೀರಾಯ್ಡ್ ಔಷಧಗಳು ಎಷ್ಟೋ ಲ್ಯೂಪಸ್ ರೋಗಿಗಳ ಪ್ರಾಣ ಉಳಿಸಿವೆ. ಆದರೆ ಅವು ದಾರಿತಪ್ಪಿದ ಕಾವಲುಗಾರರ ಕೈ ಕಟ್ಟುವಾಗ ರೋಗಾಣುಗಳಿಗೂ ಹಾದಿ ಸುಗಮವಾಗುತ್ತದೆ. ನಮ್ಮ ದೇಶದಲ್ಲಿ ಹೀಗೆ ಮಿದುಳಿನ ಪೊರೆಗೆ ತಗಲುವವುಗಳಲ್ಲಿ ಕ್ಷಯದ ರೋಗಾಣು ಪ್ರಮುಖವಾದುದು. ಪಾರಿವಾಳದ ಹಿಕ್ಕೆ ಬೆರೆತ ಧೂಳಿನಿಂದ ಉಸಿರಿನೊಡನೆ ಒಳಸೇರುವ ಕ್ರಿಪ್ಟೋಕಾಕಸ್ ಎಂಬ ಶಿಲೀಂಧ್ರವೂ, ಕಾಯಿಸದ ಹಾಲಿನಿಂದ ಬರಬಹುದಾದ ಲಿಸ್ಟೀರಿಯ ಎಂಬ ರೋಗಾಣುವೂ ಇವೆ.

ತೊಡಕು ಇರುವುದು ಇಲ್ಲಿಯೇ. ಲ್ಯೂಪಸ್ ತಾನೇ ಮಿದುಳನ್ನು ಬಾಧಿಸಬಲ್ಲುದು. ಆಗಲೂ ತಲೆನೋವು, ಭ್ರಮೆ, ಸೆಳವು ಕಾಣುತ್ತವೆ, ಸೋಂಕಿನಲ್ಲಿಯೂ ಅವೇ. ಆದರೆ ಚಿಕಿತ್ಸೆ ಬೇರೆ. ಮೊದಲನೆಯದಕ್ಕೆ ಸ್ಟೀರಾಯ್ಡಿನಂಥ ಔಷಧವನ್ನು ಹೆಚ್ಚಿಸಬೇಕಾಗುತ್ತದೆ. ಸೋಂಕಿದ್ದಾಗ ರೋಗಾಣುನಾಶಕವನ್ನು ಕೊಡದೆ ಅದನ್ನೇ ಹೆಚ್ಚಿಸಿದರೆ ಉರಿಯುವ ಬೆಂಕಿಗೆ ತುಪ್ಪ ಸುರಿದಂತೆ. ಮೇಲಾಗಿ ಸ್ಟೀರಾಯ್ಡು ಜ್ವರವನ್ನು ಮರೆಮಾಚುವುದುಂಟು. ಕ್ಷಯದ ಸೋಂಕಂತೂ ವಾರಗಟ್ಟಲೆ ಮೆಲ್ಲಮೆಲ್ಲನೆ ಬೆಳೆಯುತ್ತದೆ.

ನಿಜವನ್ನು ತಿಳಿಸುವ ಮುಖ್ಯ ಪರೀಕ್ಷೆ ಬೆನ್ನುಹುರಿಯ ಸುತ್ತಲಿನ ದ್ರವದ ಪರೀಕ್ಷೆ. 1891ರಲ್ಲಿ ಜರ್ಮನಿಯ ಕ್ವಿಂಕೆ ಇದನ್ನು ಬಳಕೆಗೆ ತಂದರು. ‘ಬೆನ್ನಿನ ನೀರು ತೆಗೆದರೆ ಕಾಲು ಹೋಗುತ್ತವೆ’ ಎಂಬ ಭಯದಿಂದ ಮನೆಯವರು ಒಪ್ಪಿಗೆ ಕೊಡಲು ಹಿಂಜರಿಯುವುದುಂಟು. ಸೂಜಿಯನ್ನು ಚುಚ್ಚುವುದು ಬೆನ್ನುಹುರಿ ಮುಗಿದ ಕೆಳಗಣ ಭಾಗದಲ್ಲಿ. ಆದ್ದರಿಂದ ಆ ಭಯಕ್ಕೆ ಆಧಾರವಿಲ್ಲ. ಅಗತ್ಯವಿದ್ದರೆ ವೈದ್ಯರು ಮೊದಲು ತಲೆಯ ಸ್ಕ್ಯಾನ್ ಮಾಡಿಸುತ್ತಾರೆ.

ಜತ್ತ ತಾಲೂಕಿನ ನಾವು ದೊಡ್ಡ ಚಿಕಿತ್ಸೆಗೆ ಮಿರಜ, ಸಾಂಗಲಿ, ಸೊಲ್ಲಾಪುರ, ವಿಜಯಪುರಗಳಿಗೆ ಹೋಗತಕ್ಕವರು. ಮನೆಯಲ್ಲಿ ಲ್ಯೂಪಸ್ ರೋಗಿಯಿದ್ದು, ತಲೆನೋವು ಬಿಡದಿದ್ದರೆ, ವಾಂತಿ, ಕತ್ತಿನ ಬಿಗಿತ, ಅಸಂಬದ್ಧ ಮಾತು, ಸೆಳವು ಇವುಗಳಲ್ಲೊಂದು ಕಂಡರೆ, ಜ್ವರವಿಲ್ಲವೆಂದು ಸುಮ್ಮನಿರಬಾರದು. ಗುಡ್ಡಾಪುರದ ದಾನಮ್ಮನಿಗೆ ಹರಕೆ ಹೊತ್ತರೂ ಆಸ್ಪತ್ರೆಯ ಪ್ರಯಾಣವನ್ನು ನಾಳೆಗೆ ತಳ್ಳಬಾರದು. ಸ್ಟೀರಾಯ್ಡ್ ಗುಳಿಗೆಯನ್ನು ತಾವಾಗಿ ಥಟ್ಟನೆ ನಿಲ್ಲಿಸುವುದೂ ಪ್ರಾಣಾಪಾಯಕರ. ಹಾಲನ್ನು ಚೆನ್ನಾಗಿ ಕಾಯಿಸಿಯೇ ಕೊಡಬೇಕು. ಪಾರಿವಾಳದ ಗೂಡನ್ನು ಸ್ವಚ್ಛಗೊಳಿಸುವ ಕೆಲಸವನ್ನು ರೋಗಿಗೆ ಹಚ್ಚಬಾರದು.

ನಮ್ಮ ವಿದ್ಯಾರ್ಥಿಗಳಿಗೂ ಇಲ್ಲೊಂದು ಕೆಲಸವಿದೆ. ರೋಗಿಯ ಹೆಸರು, ರೋಗದ ಹೆಸರು, ನಿತ್ಯದ ಗುಳಿಗೆಗಳು, ಅವುಗಳ ಪ್ರಮಾಣ, ಹಿಂದೆ ಮನೆಯಲ್ಲಿ ಯಾರಿಗಾದರೂ ಕ್ಷಯವಾಗಿತ್ತೇ ಎಂಬುದು, ಇಷ್ಟನ್ನು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಒಂದು ಚೀಟಿಯ ಮೇಲೆ ಬರೆದು ಮನೆಯಲ್ಲಿ ಇಡಲಿ. ಮಾತನಾಡಲಾರದ ಸ್ಥಿತಿಯಲ್ಲಿ ರೋಗಿ ಪರಭಾಷೆಯ ವೈದ್ಯರೆದುರು ಮಲಗಿದಾಗ, ಆ ಚೀಟಿಯೇ ಆಕೆಯ ಪರವಾಗಿ ಮಾತನಾಡುವುದು.