ಹೊಳೆ ದಂಡೆಯ ಎಲುಬು

ಬೇಸಿಗೆಯಲ್ಲಿ ತುಂಗಭದ್ರೆ ಇಳಿದು ಬಂಡೆಗಳು ಬಿಸಿಲಿಗೆ ಬಿದ್ದವೆಂದರೆ ನಮ್ಮ ಮನೆ ಕಟ್ಟೆಗೆ ಎಲುಬು ಬರತೊಡಗುತ್ತವೆ. ಮೂವತ್ತೆರಡು ವರ್ಷ ಹಾವೇರಿ ಸೀಮೆಯ ದನದ ದವಾಖಾನೆಗಳಲ್ಲಿ ಕೆಲಸ ಮಾಡಿದವನು ನಾನು; ಊರಿನವರಿಗೆ ಈಗಲೂ ‘ದನದ ಡಾಕ್ಟರ್’. ಈ ಸಲ ಬಂದವನು ನಮ್ಮ ಓಣಿಯ ಹತ್ತು ವರ್ಷದ ಹುಡುಗ. ಹಳೆಯ ಟವೆಲಿನಲ್ಲಿ ಸುತ್ತಿ ತಂದದ್ದನ್ನು ಮೆಲ್ಲಗೆ ಬಿಚ್ಚಿದ.

“ಡಾಕ್ಟರ್ ಅಜ್ಜಾ, ಇದು ಮನಶ್ಯಾರ ಎಲುಬು ಐತೇನ್ರಿ? ನಮ್ಮವ್ವ ಮನಿಯೊಳಗ ತರಬ್ಯಾಡ ಅಂದಾಳ್ರಿ.”

“ನಿಮ್ಮವ್ವ ಹೇಳಿದ್ದು ಖರೇ ಐತಿ. ಮೊದಲ ಅದನ್ನ ಕೆಳಗಿಟ್ಟು ಸಾಬೂನು ಹಚ್ಚಿ ಕೈ ತೊಳಕೊಂಡ ಬಾ, ಆಮ್ಯಾಲ ನೋಡೂಣು” ಎಂದೆ.

ಕೈ ತೊಳೆಯಲು ಹೇಳಿದ್ದು ಮಡಿ ಮೈಲಿಗೆಗಾಗಿ ಅಲ್ಲ. ನೆರಡಿ ರೋಗದಿಂದ (ಆಂಥ್ರಾಕ್ಸ್) ಸತ್ತ ದನದ ರೋಗಾಣು ಮಣ್ಣಿನಲ್ಲಿ ದಶಕಗಟ್ಟಲೆ ಜೀವ ಹಿಡಿದು ಕೂತಿರಬಲ್ಲದು. ಹಸಿ ವಾಸನೆ, ಜಿಡ್ಡು, ನರದ ಚೂರು ಇರುವ ಎಲುಬನ್ನು ಮುಟ್ಟಲೇಬಾರದು. ಇವನು ತಂದದ್ದಕ್ಕೆ ಜಿಡ್ಡಿರಲಿಲ್ಲ. ಒಂದು ಬದಿ ಬಿಸಿಲಿಗೆ ಬೆಳ್ಳಗಾಗಿ ಉದ್ದಕ್ಕೆ ಸಣ್ಣಗೆ ಬಿರಿದಿತ್ತು, ಉಸುಕಿನಲ್ಲಿ ಹೂತಿದ್ದ ಇನ್ನೊಂದು ಬದಿ ಕಂದಾಗಿ ನುಣುಪಾಗಿತ್ತು.

ಎಲುಬು ಕೈಗೆ ಬಂದ ಕೂಡಲೇ ಜನ ಉದ್ದ ನೋಡುತ್ತಾರೆ. ಉದ್ದ ನೋಡಿಯೇ ‘ತೊಡೆ ಎಲುಬು, ಮನುಷ್ಯಂದೇ’ ಎಂದು ಊರೆಲ್ಲ ಸುದ್ದಿಯಾಗುತ್ತದೆ. ನಾನು ಕಲಿತದ್ದು ಬೇರೆ: ಮೊದಲು ತುದಿ ನೋಡಬೇಕು. ನಡುವಿನ ಕೊಳವೆ ಎಷ್ಟೋ ಪ್ರಾಣಿಗಳಲ್ಲಿ ಒಂದೇ ಥರ ಕಾಣುತ್ತದೆ, ಕೀಲು ಹಾಗಲ್ಲ. ಆ ಪ್ರಾಣಿ ಹೇಗೆ ನಿಲ್ಲುತ್ತಿತ್ತು, ಹೇಗೆ ನಡೆಯುತ್ತಿತ್ತು ಎಂಬುದೆಲ್ಲ ಕೀಲಿನ ರೂಪದಲ್ಲೇ ಇರುತ್ತದೆ.

ಹುಡುಗನ ಎಲುಬು ಒಂದು ಗೇಣಿಗೆ ತುಸು ಕಡಿಮೆ. ಮೇಲಿನ ತುದಿ ಚಪ್ಪಟೆ. ಕೆಳತುದಿಯಲ್ಲಿ ಬಾವಿಯ ಗಡಗಡಿಯಂಥ ಎರಡು ಉರುಟುಗಳು ಒಂದರ ಪಕ್ಕ ಒಂದು, ನಡುವೆ ಸೀಳು. ಮುಂಬದಿಯಲ್ಲಿ ಮೇಲಿಂದ ಕೆಳಗಿನತನಕ ಒಂದು ಸಣ್ಣ ಗೀರು. ಈ ಮೂರು ಗುರುತು ಸಾಕು, ಇದು ಸೀಳು ಗೊರಸಿನ ದೊಡ್ಡ ಪ್ರಾಣಿಯದು. ನಾವು ಕ್ಯಾನನ್ ಬೋನ್ ಅನ್ನುವ ಎಲುಬು ಇದು, ಮುಂಗಾಲಿನ ಮಂಡಿಗೂ ಗೊರಸಿಗೂ ನಡುವಿನದು. ಆಕಳ ಮುಂಗಾಲಿನಲ್ಲಿ ನಾವು ಮಂಡಿ ಅನ್ನುವುದು ನಿಜಕ್ಕೂ ಅದರ ಮಣಿಕಟ್ಟು. ಹಾಗಾಗಿ ಈ ಎಲುಬು ಅದರ ಅಂಗೈ.

ಹುಡುಗನ ಅಂಗೈ ಹಿಡಿದು, ನಡುಬೆರಳಿಗೂ ಉಂಗುರ ಬೆರಳಿಗೂ ಹೋಗುವ ಎರಡು ಎಲುಬುಗಳನ್ನು ಒತ್ತಿ ತೋರಿಸಿದೆ. ನಮ್ಮಲ್ಲಿ ಅವು ಬೇರೆ ಬೇರೆ. ದನದಲ್ಲಿ, ಕರು ಇನ್ನೂ ತಾಯ ಹೊಟ್ಟೆಯಲ್ಲಿರುವಾಗ ಎರಡಾಗಿ ಶುರುವಾದವು ಕೂಡಿ ಒಂದಾಗುತ್ತವೆ. ಮುಂಬದಿಯ ಗೀರು ಆ ಬೆಸುಗೆಯ ಗುರುತು. ಎರಡು ಗಡಗಡಿಗಳಿಂದ ಎರಡು ಬೆರಳು, ಎರಡು ಬೆರಳಿಗೆ ಎರಡು ಗೊರಸು. ಕಾಲೇಜಿನಲ್ಲಿ ಇದನ್ನು ಮೊದಲ ಸಲ ಕಂಡ ದಿನ ನನಗೆ ನಿದ್ದೆ ಬಂದಿರಲಿಲ್ಲ. ಹುಡುಗ ಒಮ್ಮೆ ತನ್ನ ಕೈ, ಒಮ್ಮೆ ಎಲುಬು ನೋಡುತ್ತ ಕೂತ.

ಕುದುರೆಯದಾಗಿದ್ದರೆ ಕೆಳಗೆ ಒಂದೇ ಅಗಲವಾದ ಗಡಗಡಿ, ಅದರ ನಡುವೆ ಒಂದು ಏಣು. ಹಿಂಬದಿಯ ಎರಡೂ ಪಕ್ಕಕ್ಕೆ ಕಡ್ಡಿಯಂಥ ಸಣ್ಣ ಎಲುಬುಗಳು. ಹಂದಿ, ನಾಯಿಗಳಲ್ಲಿ ಈ ಎಲುಬುಗಳು ಕೂಡಿಕೊಳ್ಳುವುದೇ ಇಲ್ಲ, ಬಿಡಿಬಿಡಿಯಾಗಿ ಸಿಗುತ್ತವೆ. ಕುರಿ, ಆಡುಗಳದು ಇದೇ ರೂಪ, ಗಾತ್ರ ಮಾತ್ರ ಸಣ್ಣದು. ನಮ್ಮ ಕುರುಬರು ಅರ್ಧ ಮೈಲಿ ದೂರದಿಂದ ಕುರಿ ಯಾವುದು ಆಡು ಯಾವುದು ಎಂದು ಹೇಳಿಯಾರು. ಒಂದು ಒಂಟಿ ಎಲುಬು ಕೊಟ್ಟರೆ ನುರಿತವರೂ ತಡವರಿಸುತ್ತಾರೆ. ರಾಣೆಬೆನ್ನೂರಿನ ಕಡೆ ಕೃಷ್ಣಮೃಗಗಳೂ ಇವೆ. ಅವುಗಳದು ಆಡಿನ ಎಲುಬಿಗಿಂತ ಸಪೂರ, ಉದ್ದ. ಕಾಡುಪ್ರಾಣಿಯದು ಅನ್ನಿಸಿದರೆ ಮನೆಗೆ ಒಯ್ಯದೆ ಅರಣ್ಯ ಇಲಾಖೆಗೆ ತಿಳಿಸಬೇಕು; 1972ರ ವನ್ಯಜೀವಿ ಕಾಯ್ದೆ ಎಲುಬಿಗೂ ಅನ್ವಯಿಸುತ್ತದೆ.

ಮನುಷ್ಯರದೋ ಎಂಬ ಅನುಮಾನ ಮಾತ್ರ ಹಗುರವಾಗಿ ತೆಗೆದುಕೊಳ್ಳುವಂಥದ್ದಲ್ಲ. ಚರ್ಮ, ಉಗುರು ಹೋದ ಕರಡಿಯ ಪಾದ ಮನುಷ್ಯನ ಕೈಕಾಲನ್ನೇ ಹೋಲುತ್ತದೆ. ಹೊಳೆಗುಂಟ ಕೆಳಗೆ ಹೋದರೆ ಹಂಪಿಯ ಹತ್ತಿರ ದರೋಜಿಯಲ್ಲಿ ಕರಡಿಧಾಮವೇ ಇದೆ. ಅನುಮಾನ ಬಂದರೆ ಕದಲಿಸದೆ ಬಿಟ್ಟು 112ಕ್ಕೆ ಕರೆ ಮಾಡಬೇಕು. ಎಲುಬು ಬಿದ್ದ ಜಾಗವೂ ಸಾಕ್ಷಿಯೇ.

ಎಲುಬು ಗುರುತಿಸುವುದು ದನದ ಡಾಕ್ಟರಿಗೆ ಬಿಡುವಿನ ವೇಳೆಯ ಹವ್ಯಾಸ ಎಂದು ಯಾರಾದರೂ ಅಂದರೆ ನಾನು ಹಳ್ಳೂರಿನ ಕಥೆ ಹೇಳುತ್ತೇನೆ. ಇದೇ ತುಂಗಭದ್ರೆಯ ದಂಡೆಯ ಆ ಹಳ್ಳಿಯಲ್ಲಿ 1965ರಲ್ಲಿ ಪುರಾತತ್ವಜ್ಞ ಎಂ.ಎಸ್. ನಾಗರಾಜರಾವ್ ಇತಿಹಾಸಪೂರ್ವ ಕಾಲದ ನೆಲೆಯೊಂದರ ಉತ್ಖನನ ಮಾಡಿದರು. ಅಲ್ಲಿ ಸಿಕ್ಕ ಎಲುಬುಗಳನ್ನು ಪರಿಶೀಲಿಸಿದವರು ಪಶುವೈದ್ಯ ಕೆ.ಆರ್. ಆಲೂರ. 1971ರಲ್ಲಿ ಪ್ರಕಟವಾದ ವರದಿಯಲ್ಲಿ ಅವರು ಕೆಲವು ಎಲುಬು ಕುದುರೆಯವು ಎಂದು ಬರೆದರು. ಅಷ್ಟು ಹಿಂದೆ ದಕ್ಷಿಣದಲ್ಲಿ ಕುದುರೆ ಎಲ್ಲಿಂದ ಬರಬೇಕು ಎಂದು ಆಕ್ಷೇಪ ಎದ್ದಿತು. ಆಲೂರರು ತಮ್ಮ ಗುರುತಿಸುವಿಕೆಯನ್ನು ಬದಲಿಸಲಿಲ್ಲ. ಕಾಲದ ಬಗ್ಗೆ, ಅದರ ಅರ್ಥದ ಬಗ್ಗೆ ವಿದ್ವಾಂಸರು ಜಗ್ಗಾಡಲಿ. ಇತಿಹಾಸಕ್ಕೆ ಸರಿಹೊಂದಲಿ ಎಂದು ಕೈಯಲ್ಲಿರುವ ಎಲುಬಿನ ಹೆಸರು ಬದಲಿಸಬಾರದು ಎಂಬುದನ್ನು ನಾನು ಅವರಿಂದ ಕಲಿತೆ. ಹಾಗೆ ಹೆಸರು ಹೇಳುವುದು ಸುಲಭವೂ ಅಲ್ಲ; ಕುದುರೆಯದನ್ನೂ ಕತ್ತೆಯದನ್ನೂ ಬೇರ್ಪಡಿಸುವುದು ಎಷ್ಟು ಕಷ್ಟ ಎಂಬುದು ಈ ಕೆಲಸ ಮಾಡಿದವರಿಗೆ ಗೊತ್ತು.

ಹುಡುಗನ ಎಲುಬಿಗೆ ಮರಳಿದೆ. ಕೆಳತುದಿ ಗಟ್ಟಿಯಾಗಿ ಕೂಡಿತ್ತು. ಎರಡು, ಎರಡೂವರೆ ವರ್ಷದೊಳಗಿನ ಕರುವಾಗಿದ್ದರೆ ಆ ತುದಿ ಸಾಮಾನ್ಯವಾಗಿ ಕಳಚಿ ಹೋಗಿರುತ್ತಿತ್ತು. ನನ್ನಲ್ಲಿರುವ ಹಳೆಯ ಎಮ್ಮೆ ಎಲುಬಿನ ಪಕ್ಕ ಇಟ್ಟು ನೋಡಿದೆ. ಅದು ಇನ್ನೂ ದಪ್ಪ, ಅಗಲ. ಇದು ಆಕಳ ಜಾತಿಯದೇ. ಆಮೇಲೆ ಬೆರಳಿಗೆ ತಾಗಿದ್ದು ಒಳಬದಿಯ ಗಡಗಡಿ. ಅದು ಹೊರಬದಿಯದಕ್ಕಿಂತ ಅಗಲವಾಗಿ ಹರಡಿತ್ತು, ಕೀಲಿನ ಸುತ್ತ ಹೊಸ ಎಲುಬು ಅಂಚುಕಟ್ಟಿ ಬೆಳೆದಿತ್ತು. ವರ್ಷಗಟ್ಟಲೆ ಭಾರ ಎಳೆದ ಎತ್ತುಗಳಲ್ಲಿ ಹೀಗಾಗುತ್ತದೆ. ಮುಪ್ಪಿನಿಂದಲೂ ಆಗಬಹುದು, ಆದ್ದರಿಂದ ಎತ್ತು ಎಂದು ಆಣೆ ಇಟ್ಟು ಹೇಳಲಾರೆ. ಆದರೆ ಹೊಳೆಯಿಂದ ಉಸುಕು ತುಂಬಿದ ಚಕ್ಕಡಿಗಳನ್ನು ದಿಬ್ಬ ಹತ್ತಿಸುತ್ತಿದ್ದ ಎತ್ತುಗಳನ್ನು ನಾನು ನೋಡಿದ್ದೇನೆ. ಅವುಗಳ ಬಾತ ಕಾಲಿಗೆ ಔಷಧ ಹಚ್ಚಿದ್ದೇನೆ. ನೋವಿದ್ದರೂ ಬಾರುಕೋಲು ಎತ್ತಿದಾಗ ಅವು ಮತ್ತೆ ನೊಗಕ್ಕೆ ಹೆಗಲು ಕೊಡುತ್ತಿದ್ದವು.

“ಅಂದ್ರ ಇದಕ್ಕ ಕಾಲು ನೋಯ್ತಿತ್ತೇನ್ರಿ ಅಜ್ಜಾ?”

“ನೋಯ್ತಿತ್ತಪಾ.”

ಅವನು ಟವೆಲ್ ಅಲ್ಲೇ ಬಿಟ್ಟು ಎದ್ದ. ಸ್ವಲ್ಪ ಹೊತ್ತಿಗೆ ಎದುರು ಮನೆಯ ದಂದಕ್ಕಿಯಲ್ಲಿ ಕಂಡ. ತಮ್ಮ ಎತ್ತಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಅದರ ಮುಂಗಾಲಿನ ಗುಂಟ ಅಂಗೈ ಇಳಿಸಿ, ಗೊರಸು ಎರಡಾಗುವ ಜಾಗದಲ್ಲಿ ಬೆರಳಿಟ್ಟು ಒತ್ತಿ ನೋಡುತ್ತಿದ್ದ. ಎತ್ತು ಕಾಲೆತ್ತಿತು, ಮತ್ತೆ ಮೆಲ್ಲಗೆ ಊರಿತು.