ಡಿಶ್ ಬದಲಾಯಿಸುವ ಮುನ್ನ

ಮಲೆನಾಡಿನಲ್ಲಿ ಊರೆಂದರೆ ಬಯಲುಸೀಮೆಯವರು ತಿಳಿದಿರುವಂತೆ ಬೀದಿಗಳ ಸಾಲಲ್ಲ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಪೇಟೆಯನ್ನು ಬಿಟ್ಟು ಒಂದೆರಡು ಮೈಲಿ ಒಳಕ್ಕೆ ನಡೆದರೆ ಸಾಕು: ಗುಡ್ಡದ ಮಗ್ಗುಲಿಗೊಂದು ಮನೆ, ಅದರ ಕೆಳಗೆ ಅಡಕೆಯ ತೋಟ; ಮತ್ತೊಂದು ಮನೆಯೆಂದರೆ ಆಚೆಯ ಕಣಿವೆಯಲ್ಲಿ. ಕೂಗಿದರೆ ಕೇಳಿಸುವ ದೂರದಲ್ಲಿ ನೆರೆಯವರಿದ್ದರೆ ಅದೇ ಭಾಗ್ಯ. ಇಂತಹ ಒಂಟಿಮನೆಗಳಿಗೆ ಹೊರಲೋಕದ ದನಿಯನ್ನೂ ಚಿತ್ರವನ್ನೂ ತಂದುಕೊಡುವ ದೂರದರ್ಶನ ಕೇವಲ ವಿಲಾಸದ ವಸ್ತುವಲ್ಲ. ಮಳೆಗಾಲದ ನಾಲ್ಕು ತಿಂಗಳಲ್ಲಿ ಅದು ಮನೆಗೆ ಬರುವ ನೆಂಟನೇ ಸರಿ.

ತಂತಿಯ ಮೂಲಕ ದೂರದರ್ಶನವನ್ನು ಹಂಚುವ ಕೇಬಲ್‌ನವರಿಗೆ ಈ ನಾಡು ಒಗ್ಗುವುದಿಲ್ಲ. ಪೇಟೆಯಲ್ಲಿ ನೂರು ಗಜ ತಂತಿ ಎಳೆದರೆ ಹತ್ತು ಮನೆ ದೊರೆಯುತ್ತವೆ. ಇಲ್ಲಿ ಒಂದೇ ಮನೆಗಾಗಿ ಕಾಡು, ಹಳ್ಳ, ತೋಟಗಳನ್ನು ದಾಟಿಸಬೇಕು. ನೆಲದ ಗೋಪುರದಿಂದ ಹೊರಡುವ ದೂರದರ್ಶನದ ಅಲೆಗಳಿಗೂ ಬೆಟ್ಟಗಳೇ ಅಡ್ಡಗೋಡೆ. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಕಣ್ತೆರೆದದ್ದು ೧೯೮೧ರಲ್ಲಿ. ಅದೇ ದಶಕದಲ್ಲಿ ಶಂಕರನಾಗ್ ಅವರು ಶೃಂಗೇರಿಗೆ ನೆರೆಯಾದ ಆಗುಂಬೆಯಲ್ಲಿ ಚಿತ್ರಿಸಿದ ‘ಮಾಲ್ಗುಡಿ ಡೇಸ್’ ದೇಶಕ್ಕೆಲ್ಲ ಮಲೆನಾಡಿನ ಬೀದಿಯನ್ನು ತೋರಿಸಿತು. ಆದರೆ ಗುಡ್ಡದ ಮರೆಯಲ್ಲಿ ಕುಳಿತ ಮನೆಗೆ ಅಂತಹ ಚಿತ್ರ ಸ್ಪಷ್ಟವಾಗಿ ದೊರೆಯುವುದು ಅಲೆಗಳ ಕೃಪೆಯನ್ನು ಅವಲಂಬಿಸಿತ್ತು.

ಈ ತೊಡಕನ್ನು ಬಿಡಿಸಿದ್ದು ಆಕಾಶವೇ. ಬೆಟ್ಟವನ್ನು ಬಳಸಿ ಬರಲಾರದ ಅಲೆ ನೆತ್ತಿಯ ಮೇಲಿನಿಂದ ಇಳಿದುಬರಬಲ್ಲದು. ೨೦೦೩ರಲ್ಲಿ ಡಿಶ್ ಟಿ.ವಿ., ೨೦೦೪ರ ಡಿಸೆಂಬರಿನಲ್ಲಿ ದೂರದರ್ಶನದ ಉಚಿತ ಸೇವೆ, ೨೦೦೬ರಲ್ಲಿ ಟಾಟಾ ಸ್ಕೈ, ೨೦೦೭ರಲ್ಲಿ ಸನ್ ಡೈರೆಕ್ಟ್, ೨೦೦೮ರಲ್ಲಿ ಏರ್‌ಟೆಲ್, ಹೀಗೆ ಒಂದರ ಹಿಂದೊಂದು ಸೇವೆಗಳು ಬಂದವು. ಮಂಗಳೂರು ಹೆಂಚಿನ ಮಾಡುಗಳ ಪಕ್ಕದಲ್ಲಿ ಪುಟ್ಟ ಡಿಶ್ಶುಗಳು ತಲೆಯೆತ್ತಿ ನಿಂತವು.

ಅಡಕೆ ಸುಲಿಯುವ ಕಾಲ

ಆದರೆ ಪ್ರಸಾರದ ಗಡಿಯಾರ ಬೇರೆ, ತೋಟದ ಮನೆಯ ಗಡಿಯಾರ ಬೇರೆ. ಕೊನೆಕೊಯ್ಲಿನ ದಿನಗಳಲ್ಲಿ ಸಂಜೆಯಾದರೆ ಮನೆಯವರೂ ಆಳುಗಳೂ ಮೆಟ್ಟುಗತ್ತಿಯ ಮುಂದೆ ಕುಳಿತುಬಿಡುತ್ತಾರೆ. ಧಾರಾವಾಹಿಗಳು ಬರುವುದೂ ಸರಿಯಾಗಿ ಆ ಹೊತ್ತಿಗೇ. “ಇವತ್ತಿಂದು ಹಿಡಿದಿಟ್ಟಿರು ಮಾರಾಯ, ನಾಳೆ ಊಟ ಆದ್ಮೇಲೆ ನೋಡ್ತೀನಿ” ಎಂದು ಅಜ್ಜಿ ಮೊಮ್ಮಗನಿಗೆ ಹೇಳುವ ಮನೆಗಳಲ್ಲಿ ಮುದ್ರಣವೆಂಬುದು ಹವ್ಯಾಸವಲ್ಲ, ಅಗತ್ಯ.

ಈ ಅಗತ್ಯಕ್ಕಾಗಿ ಕೆಲವು ಮನೆಗಳ ಓದಿದ ಹುಡುಗರು ಒಂದು ಜಾಣತನದ ಏರ್ಪಾಡು ಮಾಡಿಕೊಳ್ಳುತ್ತಾರೆ. ಒಂದು ಹಳೆಯ ಕಂಪ್ಯೂಟರು, ಅದರೊಳಗೆ ಪ್ರಸಾರವನ್ನು ಹಿಡಿಯುವ ಟ್ಯೂನರ್ ಕಾರ್ಡು, ದೊಡ್ಡದೊಂದು ಹಾರ್ಡ್ ಡಿಸ್ಕು, ಟಿ.ವಿ.ಗೆ ಒಂದು ತಂತಿ: ಇಷ್ಟೇ ಸಾಮಗ್ರಿ. ೨೦೦೨ರಲ್ಲಿ ಆರಂಭವಾದ ‘ಮಿಥ್ ಟಿವಿ’, ಅನಂತರ ಬಂದ ‘ಟಿವಿಹೆಡೆಂಡ್’ ಮೊದಲಾದ ಉಚಿತ ತಂತ್ರಾಂಶಗಳು ವಾಹಿನಿಯನ್ನೂ ವೇಳೆಯನ್ನೂ ಒಮ್ಮೆ ಹೇಳಿಬಿಟ್ಟರೆ ನಿತ್ಯವೂ ತಪ್ಪದೆ ಮುದ್ರಿಸುತ್ತವೆ. ಮೈಕ್ರೋಸಾಫ್ಟ್ ಸಂಸ್ಥೆಯೂ ೨೦೦೨ರಲ್ಲಿ ‘ವಿಂಡೋಸ್ ಮೀಡಿಯಾ ಸೆಂಟರ್’ ಎಂಬುದನ್ನು ಹೊರತಂದಿತ್ತು. ೨೦೧೫ರ ವಿಂಡೋಸ್ ೧೦ರೊಡನೆ ಅದನ್ನು ಕೈಬಿಟ್ಟಿತು.

ಲೆಕ್ಕವೂ ಸುಲಭ. ಸಾಧಾರಣ ಗುಣಮಟ್ಟದ ಪ್ರಸಾರ ಸೆಕೆಂಡಿಗೆ ೪ ಮೆಗಾಬಿಟ್ ವೇಗದಲ್ಲಿ ಬಂದರೆ ಗಂಟೆಗೆ ೧.೮ ಗಿಗಾಬೈಟ್ ಸ್ಥಳ ಬೇಕು. ಒಂದು ಟೆರಾಬೈಟಿನ ಡಿಸ್ಕಿನಲ್ಲಿ ಸುಮಾರು ೫೫೦ ಗಂಟೆಗಳ ಕಾರ್ಯಕ್ರಮ ಅಡಗೀತು. ಅರ್ಧ ಗಂಟೆಯ ಧಾರಾವಾಹಿಯನ್ನು ವಾರಕ್ಕೆ ಐದು ದಿನ ಹಿಡಿದಿಟ್ಟರೆ ವರ್ಷಕ್ಕೆ ೧೩೦ ಗಂಟೆ. ನಾಲ್ಕು ವರ್ಷದ ಕಥೆ ಅಂಗೈಯಗಲದ ಪೆಟ್ಟಿಗೆಯಲ್ಲಿ!

ಚಂದಾ ಬದಲಾದಾಗ

ಇಷ್ಟೆಲ್ಲ ಸುಗಮವಾಗಿ ನಡೆಯುತ್ತಿರುವಾಗ ಮನೆಯ ಯಜಮಾನರಿಗೆ ಒಂದು ದಿನ ಚಂದಾ ದುಬಾರಿಯೆನಿಸುತ್ತದೆ. ೨೦೧೯ರ ಫೆಬ್ರವರಿ ೧ರಿಂದ ಪ್ರತಿಯೊಂದು ವಾಹಿನಿಗೂ ಪ್ರತ್ಯೇಕ ಬೆಲೆ ಕಟ್ಟಿ ಗ್ರಾಹಕನೇ ಆರಿಸಿಕೊಳ್ಳುವ ಕ್ರಮ ಜಾರಿಗೆ ಬಂದಾಗ ಮನೆಮನೆಯಲ್ಲೂ ಲೆಕ್ಕಾಚಾರ ನಡೆದದ್ದು ಅನೇಕರ ನೆನಪಿನಲ್ಲಿರಬಹುದು. ಬೆಲೆಯ ಕಾರಣವೂ ಬೇಕೆಂದಿಲ್ಲ, ಸೇವೆಯೇ ನಿಂತುಹೋಗಬಹುದು. ೨೦೦೮ರಲ್ಲಿ ಆರಂಭವಾದ ರಿಲಯನ್ಸ್ ಬಿಗ್ ಟಿ.ವಿ. ಮುಂದೆ ಬೇರೆ ಕೈಗೆ ಹೋಗಿ, ಹೆಸರು ಬದಲಿಸಿ, ಕಡೆಗೆ ನಿಂತಿತು. ವಿಡಿಯೋಕಾನ್ ಡಿ೨ಎಚ್ ೨೦೧೮ರಲ್ಲಿ ಡಿಶ್ ಟಿ.ವಿ.ಯೊಡನೆ ಸೇರಿತು.

ಹೊಸ ಸೇವೆಗೆ ಬದಲಾದ ಮರುದಿನವೇ ಮುದ್ರಣದ ಏರ್ಪಾಡು ಮೂಕವಾಗುತ್ತದೆ. ಕಾರಣವಿಷ್ಟೆ: ಪ್ರತಿಯೊಂದು ಸೇವೆಯೂ ತನ್ನ ಪ್ರಸಾರಕ್ಕೆ ತನ್ನದೇ ಬೀಗ ಹಾಕಿ ಕಳುಹಿಸುತ್ತದೆ. ಬೀಗದ ಕೈ ಇರುವುದು ಆ ಸಂಸ್ಥೆ ಕೊಟ್ಟ ಸೆಟ್ ಟಾಪ್ ಬಾಕ್ಸಿನಲ್ಲಿ, ಅದರ ಕಾರ್ಡಿನಲ್ಲಿ. ಕಂಪ್ಯೂಟರಿನ ಟ್ಯೂನರಿಗೆ ಅಲೆ ದೊರೆಯುತ್ತದೆ, ಅರ್ಥ ದೊರೆಯುವುದಿಲ್ಲ. ಆದುದರಿಂದ ಚಂದಾ ಸೇವೆಯ ಕಾರ್ಯಕ್ರಮವನ್ನು ಮುದ್ರಿಸುವವರು ಬಾಕ್ಸಿನಿಂದ ಹೊರಬರುವ ಹಳದಿ, ಕೆಂಪು, ಬಿಳಿಯ ಮೂರು ತಂತಿಗಳನ್ನು ಕಂಪ್ಯೂಟರಿಗೆ ಸೇರಿಸಿ, ರಿಮೋಟಿನ ಕೆಲಸ ಮಾಡುವ ಪುಟ್ಟದೊಂದು ದೀಪವನ್ನು ಬಾಕ್ಸಿನ ಮುಂದೆ ಅಂಟಿಸುತ್ತಾರೆ. ನಿಗದಿಯಾದ ವೇಳೆಗೆ ಕಂಪ್ಯೂಟರು ಆ ದೀಪದ ಮೂಲಕ ವಾಹಿನಿಯ ಸಂಖ್ಯೆಯನ್ನು ಒತ್ತಿ ಮುದ್ರಣವನ್ನಾರಂಭಿಸುತ್ತದೆ. ಹೊಸ ಬಾಕ್ಸಿನ ರಿಮೋಟು ಬೇರೆ, ವಾಹಿನಿಗಳ ಸಂಖ್ಯೆಯೂ ಬೇರೆ. ಅದನ್ನು ತಿದ್ದದೆ ಹಾಗೆಯೇ ಬಿಟ್ಟರೆ ಅಜ್ಜಿ ಮರುದಿನ ಧಾರಾವಾಹಿಯ ಬದಲು ಬಾಣಲೆ ಮಾರುವ ಜಾಹೀರಾತನ್ನು ಅರ್ಧ ಗಂಟೆ ನೋಡಬೇಕಾದೀತು!

ಸಂಸ್ಥೆಯ ಬಾಕ್ಸಿಗೇ ಪೆನ್ ಡ್ರೈವ್ ಚುಚ್ಚಿ ಮುದ್ರಿಸಿಕೊಂಡವರ ಪಾಡು ಇನ್ನೂ ಕಷ್ಟ. ಆ ಮುದ್ರಿಕೆಗಳು ಸಾಮಾನ್ಯವಾಗಿ ಆ ಬಾಕ್ಸಿನಲ್ಲಲ್ಲದೆ ಬೇರೆಲ್ಲೂ ತೆರೆಯುವುದಿಲ್ಲ. ಚಂದಾ ಮುಗಿದರೆ ಅದರಲ್ಲಿಯೂ ತೆರೆಯದಿರುವುದುಂಟು. ಮನೆಯ ಮಗಳು ಬೆಂಗಳೂರಿಗೆ ಹೋಗಿ ಚಂದನ ವಾಹಿನಿಯ ‘ಥಟ್ ಅಂತ ಹೇಳಿ’ಯಲ್ಲಿ ಉತ್ತರ ಹೇಳಿದ ಸಂಜೆಯೋ, ಸೋದರಮಾವ ವೇಷ ಕಟ್ಟಿದ ಯಕ್ಷಗಾನ ಪ್ರಸಾರವಾದ ರಾತ್ರಿಯೋ ಅದರಲ್ಲಿದ್ದರೆ, ಹಳೆಯ ಬಾಕ್ಸನ್ನು ಹಿಂತಿರುಗಿಸಿದ ದಿನವೇ ಅದೂ ಮನೆ ಬಿಟ್ಟು ಹೋದಂತೆ.

ಆಕಾಶದಲ್ಲಿ ಬೇರೆ ಬೇರೆ ವಿಳಾಸ

ಮಲೆನಾಡಿಗೆ ವಿಶೇಷವಾದ ಇನ್ನೊಂದು ತೊಡಕಿದೆ. ಈ ಉಪಗ್ರಹಗಳೆಲ್ಲ ಭೂಮಧ್ಯರೇಖೆಯ ಮೇಲೆ ಸುಮಾರು ೩೬,೦೦೦ ಕಿಲೋಮೀಟರ್ ಎತ್ತರದಲ್ಲಿ, ಆದರೆ ಬೇರೆ ಬೇರೆ ರೇಖಾಂಶಗಳಲ್ಲಿವೆ. ೮೩ ಡಿಗ್ರಿಯ ಉಪಗ್ರಹ ಕೊಪ್ಪ, ಶೃಂಗೇರಿಗಳ ಕಡೆಯಿಂದ ನೋಡಿದರೆ ದಕ್ಷಿಣ ಆಗ್ನೇಯದಲ್ಲಿ, ನೆಲದಿಂದ ಸುಮಾರು ೭೨ ಡಿಗ್ರಿ ಎತ್ತರದಲ್ಲಿರುತ್ತದೆ. ದೂರದರ್ಶನದ ಉಚಿತ ಸೇವೆಯಿರುವ ೯೩.೫ ಡಿಗ್ರಿಯ ತಾಣ ಸುಮಾರು ೬೪ ಡಿಗ್ರಿ ಎತ್ತರಕ್ಕಿಳಿಯುತ್ತದೆ. ೨೦೧೦ರ ದಶಕದಲ್ಲಿ ಏರ್‌ಟೆಲ್ ಗ್ರಾಹಕರ ಡಿಶ್ಶುಗಳು ನೋಡುತ್ತಿದ್ದ ೧೦೮.೨ ಡಿಗ್ರಿಯ ತಾಣವಂತೂ ಬಹುಮಟ್ಟಿಗೆ ಪೂರ್ವಕ್ಕೆ ಸರಿದು ಸುಮಾರು ೪೯ ಡಿಗ್ರಿಗೆ ಬಾಗುತ್ತದೆ.

ಬಯಲುಸೀಮೆಯ ತಾರಸಿಯ ಮೇಲೆ ಇದರಿಂದ ಯಾವ ವ್ಯತ್ಯಾಸವೂ ಆಗದು. ಆದರೆ ಪೂರ್ವಕ್ಕೆ ಗುಡ್ಡವಿರುವ, ಅಂಗಳದಂಚಿಗೇ ಅಡಕೆ ಮರಗಳು ನಿಂತಿರುವ ಮನೆಯಲ್ಲಿ ನಿನ್ನೆಯವರೆಗೆ ನಿರಾತಂಕವಾಗಿ ನಡೆದ ಡಿಶ್ಶಿನ ಜಾಗ ಹೊಸ ಸೇವೆಗೆ ನಿರುಪಯುಕ್ತವಾಗಬಹುದು. ಬೇಸಗೆಯಲ್ಲಿ ಜೋಡಿಸಿದಾಗ ಸೋಗೆಗಳ ಸಂದಿನಿಂದ ಬಂದ ಅಲೆ, ಮಳೆಗಾಲದಲ್ಲಿ ಸೋಗೆ ನೆನೆದು ಬಾಗಿದಾಗ ನಿಲ್ಲಬಹುದು. ಈ ಸೇವೆಗಳು ಬಳಸುವ ಕಿರಿದಾದ ಅಲೆಗಳನ್ನು ಮಳೆಯ ಹನಿಯೇ ಹೀರಿಕೊಳ್ಳುತ್ತದೆ. ವರ್ಷಕ್ಕೆ ೭,೦೦೦ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಆಗುಂಬೆಯ ನೆರೆಹೊರೆಯಲ್ಲಿ ಈ ಮಾತನ್ನು ಯಾರಿಗೂ ವಿವರಿಸಿ ಹೇಳಬೇಕಾಗಿಲ್ಲ. ಉಪಗ್ರಹ ಆಕಾಶದಲ್ಲಿ ತಗ್ಗಿದಷ್ಟೂ ಅಲೆ ಮಳೆಯೊಳಗೆ ಹಾದುಬರುವ ದೂರ ಹೆಚ್ಚುತ್ತದೆಂಬುದು ಮಾತ್ರ ನೆನಪಿರಲಿ.

ಒಂದೇ ಪೆಟ್ಟಿಗೆಯ ಕನಸು

ಒಂದೇ ಬಾಕ್ಸನ್ನಿಟ್ಟುಕೊಂಡು ಸೇವೆಯನ್ನು ಮಾತ್ರ ಬದಲಾಯಿಸಲಾಗದೇ ಎಂದು ವಾಚಕರು ಕೇಳಬಹುದು. ಸರ್ಕಾರವೂ ಹಾಗೆಯೇ ಯೋಚಿಸಿತ್ತು. ೨೦೦೧ರ ಮಾರ್ಗಸೂಚಿಗಳಲ್ಲಿಯೇ ಬಾಕ್ಸು ಬೇರೆ ಸೇವೆಗಳಿಗೂ ಹೊಂದುವಂತಿರಬೇಕೆಂಬ ಷರತ್ತಿತ್ತು. ವ್ಯವಹಾರದಲ್ಲಿ ಅದು ಫಲಿಸಲಿಲ್ಲ. ೨೦೨೦ರ ಏಪ್ರಿಲಿನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಅದನ್ನು ಕಡ್ಡಾಯ ಮಾಡಬೇಕೆಂದು ಮತ್ತೆ ಶಿಫಾರಸು ಮಾಡಿತು. ಅಮೆರಿಕದಲ್ಲಿ ೧೯೯೬ರ ಕಾನೂನಿನ ಫಲವಾಗಿ ‘ಕೇಬಲ್ ಕಾರ್ಡ್’ ಎಂಬುದು ಬಂದು, ಮನೆಯ ಕಂಪ್ಯೂಟರಿಗೇ ಬೀಗದ ಕೈ ದೊರೆತಿತ್ತು. ಆದರೆ ಅಲ್ಲಿಯೂ ಕೇಬಲ್ ಬಿಟ್ಟು ಉಪಗ್ರಹ ಸೇವೆಗೆ ಹೋದವರಿಗೆ ಆ ಕಾರ್ಡು ನಿಷ್ಪ್ರಯೋಜಕ. ೨೦೨೦ರಲ್ಲಿ ಆ ನಿಯಮಗಳನ್ನೇ ತೆಗೆದುಹಾಕಲಾಯಿತು.

ಮನೆಯಲ್ಲಿ ಹೀಗೆ ಮುದ್ರಿಸಿಕೊಳ್ಳುವುದು ಅಪರಾಧವೇ ಎಂಬ ಅಂಜಿಕೆ ಕೆಲವರಿಗಿದೆ. ನಮ್ಮ ೧೯೫೭ರ ಕೃತಿಸ್ವಾಮ್ಯ ಕಾಯಿದೆಯ ೩೯ನೆಯ ಕಲಮು ಮುದ್ರಿಸುವವನ ಸ್ವಂತ ಉಪಯೋಗಕ್ಕಾಗಿ ಮಾಡಿಕೊಂಡ ಮುದ್ರಿಕೆಯಿಂದ ಪ್ರಸಾರ ಸಂಸ್ಥೆಯ ಹಕ್ಕಿಗೆ ಭಂಗವಿಲ್ಲವೆನ್ನುತ್ತದೆ. ಅಮೆರಿಕದ ಸರ್ವೋಚ್ಚ ನ್ಯಾಯಾಲಯವೂ ೧೯೮೪ರಲ್ಲಿ, ಸೋನಿ ಸಂಸ್ಥೆಯ ಮುದ್ರಣಯಂತ್ರದ ಮೊಕದ್ದಮೆಯಲ್ಲಿ, ಐವರ ವಿರುದ್ಧ ನಾಲ್ವರಲ್ಲ, ನಾಲ್ವರ ವಿರುದ್ಧ ಐವರ ಬಹುಮತದಿಂದ ಇದೇ ಬಗೆಯ ತೀರ್ಪು ನೀಡಿತು. ಆದರೆ ಮುದ್ರಿಸಿದ್ದನ್ನು ಹಂಚುವುದು, ಮಾರುವುದು ಬೇರೆ ಮಾತು. ಹಾಗೆ ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಬೀಗ ಮುರಿಯುವುದು ೨೦೧೨ರಲ್ಲಿ ಸೇರಿಸಿದ ೬೫ಎ ಕಲಮಿನಂತೆ ಶಿಕ್ಷಾರ್ಹ.

ಮಾಡಬೇಕಾದುದೇನು?

ಮೊದಲನೆಯದಾಗಿ, ಹೊಸ ಸೇವೆ ಸರಿಯಾಗಿ ನೆಲೆಗೊಳ್ಳುವವರೆಗೆ ಹಳೆಯ ಚಂದಾವನ್ನು ನಿಲ್ಲಿಸಬಾರದು. ಒಂದು ತಿಂಗಳ ಇಬ್ಬಗೆಯ ವೆಚ್ಚ ಅನಂತರದ ಪಶ್ಚಾತ್ತಾಪಕ್ಕಿಂತ ಅಗ್ಗ. ಆ ತಿಂಗಳಲ್ಲಿ ಹಳೆಯ ಬಾಕ್ಸಿನಲ್ಲಿರುವ ಅಮೂಲ್ಯ ಮುದ್ರಿಕೆಗಳನ್ನು ಒಂದೊಂದಾಗಿ ನಡೆಯಿಸುತ್ತ ಮೂರು ತಂತಿಗಳ ಮೂಲಕ ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕು. ಒಂದು ಗಂಟೆಯ ಕಾರ್ಯಕ್ರಮಕ್ಕೆ ಒಂದು ಗಂಟೆಯೇ ಹಿಡಿಯುತ್ತದೆ. ಆದುದರಿಂದ ಎಲ್ಲವನ್ನೂ ಉಳಿಸಹೊರಡದೆ, ಮನೆಯವರೆಲ್ಲ ಕುಳಿತು ಯಾವುದು ಬೇಕೆಂದು ತೀರ್ಮಾನಿಸುವುದು ಮೇಲು.

ಎರಡನೆಯದಾಗಿ, ಡಿಶ್ ಜೋಡಿಸಲು ಬಂದವನಿಗೆ ಹಣ ಕೊಡುವ ಮುನ್ನ ಹೊಸ ಉಪಗ್ರಹ ಯಾವ ದಿಕ್ಕಿಗೆಂದು ಕೇಳಿ, ಆ ಕಡೆಯ ಗುಡ್ಡವನ್ನೂ ಮರಗಳನ್ನೂ ನೋಡಿಕೊಳ್ಳಬೇಕು. ಇಂದು ಕುಳ್ಳಾಗಿರುವ ಅಡಕೆ ಸಸಿ ಐದು ವರ್ಷಗಳಲ್ಲಿ ಅಡ್ಡ ಬಂದೀತು.

ಮೂರನೆಯದಾಗಿ, ಹೊಸ ಬಾಕ್ಸಿನಲ್ಲಿ ಆ ಮೂರು ತಂತಿಗಳ ಕಿಂಡಿಯಿದೆಯೇ ಎಂದು ಮೊದಲೇ ವಿಚಾರಿಸಬೇಕು. ಎಚ್.ಡಿ.ಎಂ.ಐ. ತಂತಿಯೊಂದೇ ಇದ್ದರೆ ಅದರಲ್ಲಿ ನಕಲು ತಡೆಯುವ ಏರ್ಪಾಡಿರುವುದರಿಂದ ಮುದ್ರಣಕ್ಕೆ ಒದಗದು.

ಎಲ್ಲಕ್ಕಿಂತ ಮುಖ್ಯವಾದುದು ನಾಲ್ಕನೆಯದು. ಮುದ್ರಣದ ಬೇರು ಯಾವೊಂದು ಸಂಸ್ಥೆಯ ಪೆಟ್ಟಿಗೆಯಲ್ಲಿಯೂ ಇರಬಾರದು. ದೂರದರ್ಶನದ ಉಚಿತ ಸೇವೆಗೆ ಮಾಸಿಕ ಚಂದಾ ಇಲ್ಲ. ಅದರಲ್ಲಿ ಬೀಗವಿಲ್ಲದೆ ಬರುವ ವಾಹಿನಿಗಳನ್ನು ಕಂಪ್ಯೂಟರಿನ ಟ್ಯೂನರ್ ಕಾರ್ಡೇ ನೇರವಾಗಿ ಹಿಡಿಯಬಲ್ಲದು. ಅದಕ್ಕಾಗಿ ಪ್ರತ್ಯೇಕವಾದೊಂದು ಸಣ್ಣ ಡಿಶ್ ಇಟ್ಟುಕೊಂಡರೆ, ಖಾಸಗಿ ಸೇವೆಗಳು ಬರಲಿ ಹೋಗಲಿ, ಅದರ ಮುದ್ರಣ ನಿಲ್ಲುವುದಿಲ್ಲ. ಮುದ್ರಿಕೆಗಳ ಪ್ರತಿಯೊಂದನ್ನು ಬೇರೊಂದು ಡಿಸ್ಕಿನಲ್ಲಿ, ತೇವ ತಾಗದೆಡೆ ಇರಿಸಬೇಕು. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಮುನ್ನ ಡಿಶ್ಶಿನ ತಂತಿಯನ್ನೂ ವಿದ್ಯುತ್ತಿನ ತಂತಿಯನ್ನೂ ಕಳಚಿಡುವುದು ಸಿಡಿಲಿನ ನಾಡಿನವರಿಗೆ ಹೇಳಿಕೊಡಬೇಕಾದ ಪಾಠವೇನಲ್ಲ.

ಒಂದು ಮನೆಯ ಮುದ್ರಿಕೆಗೆ ಇಷ್ಟೊಂದು ಗೌರವವೇಕೆ? ಬ್ರಿಟನ್ನಿನ ಬಿ.ಬಿ.ಸಿ.ಯಂತಹ ಸಂಸ್ಥೆಯೇ ೧೯೬೦ರ ದಶಕದ ತನ್ನ ‘ಡಾಕ್ಟರ್ ಹೂ’ ಧಾರಾವಾಹಿಯ ಅನೇಕ ಕಂತುಗಳನ್ನು ಅಳಿಸಿಹಾಕಿತ್ತು. ಅವುಗಳ ಧ್ವನಿ ಇಂದು ಉಳಿದಿರುವುದು ಆ ಕಾಲದ ವೀಕ್ಷಕರು ಮನೆಯಲ್ಲಿ ಕುಳಿತು ಟೇಪಿನಲ್ಲಿ ಮುದ್ರಿಸಿಕೊಂಡದ್ದರಿಂದ. ಫಿಲಡೆಲ್ಫಿಯಾ ನಗರದ ಮರಿಯನ್ ಸ್ಟೋಕ್ಸ್ ಎಂಬಾಕೆ ೨೦೧೨ರಲ್ಲಿ ಕಾಲವಾಗುವವರೆಗೆ ಮೂವತ್ತು ವರ್ಷಗಳಿಗೂ ಮೀರಿ ದೂರದರ್ಶನದ ವಾರ್ತೆಗಳನ್ನು ಮುದ್ರಿಸಿ ಸುಮಾರು ೭೦,೦೦೦ ಟೇಪುಗಳನ್ನು ಬಿಟ್ಟುಹೋದರು. ಅಂದು ಹುಚ್ಚೆನಿಸಿದ ಆ ಸಂಗ್ರಹ ಇಂದು ಇತಿಹಾಸದ ಆಕರ.

ನಮ್ಮ ಮನೆಗಳ ಸಂಗ್ರಹ ಇತಿಹಾಸಕ್ಕೆ ಬೇಕಾಗದಿರಬಹುದು. ಆದರೆ ಹಾಡಿದವರು, ಕುಣಿದವರು, ಉತ್ತರ ಹೇಳಿದವರು ನಮ್ಮವರಾಗಿರುವಾಗ ಅದನ್ನು ಉಳಿಸಿಕೊಳ್ಳುವ ಹೊಣೆ ಯಾವ ಸಂಸ್ಥೆಯದೂ ಅಲ್ಲ, ನಮ್ಮದೇ. ಡಿಶ್ಶಿನ ಮುಖ ಯಾವ ದಿಕ್ಕಿಗಾದರೂ ತಿರುಗಲಿ. ಅದಕ್ಕೆ ಮೊದಲು ಹಳೆಯ ಪೆಟ್ಟಿಗೆಯೊಳಗೆ ಏನೇನಿದೆಯೆಂದು ಮನೆಯವರೆಲ್ಲ ಒಮ್ಮೆ ಕುಳಿತು ನೋಡಲಿ.